ಬಿಳಿ ಕಾಳಿನ ಎಡೆ

ರಾತ್ರಿ ನೆನೆಹಾಕಿದ ಬಿಳಿ ಬೀನ್ಸು ಬೆಳಗಿನ ಹೊತ್ತಿಗೆ ಸದ್ದು ಮಾಡುತ್ತದೆ ಎಂದು ನಾನು ಹೇಳಿದರೆ ನೀವು ನಗಬಹುದು. ನಗಿ, ಅಡ್ಡಿಯಿಲ್ಲ, ಆದರೆ ಒಮ್ಮೆ ಸ್ಟೀಲ್ ಪಾತ್ರೆಯಲ್ಲಿ ಕಂಠಮಟ್ಟ ಕಾಳು ಹಾಕಿ, ನೀರು ಬಿಟ್ಟು, ಮುಚ್ಚಳ ಮುಚ್ಚಿ ಇಟ್ಟು ನೋಡಿ. ಮೊದಲು ಸಿಪ್ಪೆ ಸುಕ್ಕುಗಟ್ಟಿ, ಬಹಳ ಹೊತ್ತು ಬಟ್ಟೆ ಒಗೆದವಳ ಬೆರಳ ತುದಿಯ ಹಾಗೆ ಕಾಣುತ್ತದೆ. ಆಮೇಲೆ ಒಳಗಿನ ಕಾಳು ಉಬ್ಬುತ್ತಾ ಬಂದು ಆ ಸುಕ್ಕನ್ನೆಲ್ಲ ತುಂಬಿಕೊಳ್ಳುತ್ತದೆ. ಉಬ್ಬಿದ್ದು ಪಕ್ಕದ್ದನ್ನು ತಳ್ಳುತ್ತದೆ, ಪಕ್ಕದ್ದು ಮುಚ್ಚಳವನ್ನು ತಟ್ಟುತ್ತದೆ. ಟಿಕ್ ಎನ್ನುತ್ತದೆ. ಮರೆತೇಹೋಗುವಷ್ಟು ಹೊತ್ತು ಕಳೆದ ಮೇಲೆ ಮತ್ತೊಮ್ಮೆ ಟಿಕ್. ಕಳೆದ ಶನಿವಾರ ಬೆಳಗ್ಗೆ ನಾನು ಚಹಾ ಸೋಸುತ್ತಿದ್ದಾಗ ಹಾಗೆ ಎರಡು ಸಲ ಆಯಿತು. ಪಡಸಾಲೆಯಲ್ಲಿ ಕುಳಿತಿದ್ದ ಅವ್ವ ಕತ್ತೆತ್ತಿ ಬಾಗಿಲ ಕಡೆ ನೋಡಿದಳು.

“ಏನ ಸುಮಿ, ಬಾಗಲಾ ಬಡದಂಗಾತಲ್ಲ. ಯಾರ ಬಂದಾರ ನೋಡು.”

“ಯಾರೂ ಇಲ್ಲ ಯವ್ವಾ. ಕಾಳು ಉಬ್ಬಲಿಕ್ಕತ್ತಾವ.”

ಅವ್ವನಿಗೆ ಎಂಬತ್ತನಾಲ್ಕು. ಕಿವಿ ಮಂದವಾಗಿದೆ, ಟೆಲಿವಿಷನ್ ಕೂಗಿದರೂ ಕೇಳಿಸುವುದಿಲ್ಲ, ನನ್ನ ಉಪದೇಶವಂತೂ ಕೇಳಿಸಿದ್ದೇ ಇಲ್ಲ. ಬಾಗಿಲ ಸದ್ದು ಮಾತ್ರ ಎಷ್ಟು ಮೆಲ್ಲಗಿದ್ದರೂ ಕೇಳಿಸುತ್ತದೆ. ಕೇಳಿಸದ ಸದ್ದೂ ಕೇಳಿಸುತ್ತದೆ. ಲಂಡನ್ನಿನ ರೇನರ್ಸ್ ಲೇನಿನ ನಮ್ಮ ಕಟ್ಟಡದಲ್ಲಿ ಲಿಫ್ಟ್ ಇಲ್ಲ; ಎರಡನೆಯ ಮಹಡಿಯ ಮೆಟ್ಟಿಲ ಬಾಯಲ್ಲಿ ಮನುಷ್ಯ ಸುಳಿದರೆ ತಾನಾಗಿ ಹತ್ತಿಕೊಳ್ಳುವ ಒಂದು ದೀಪವಿದೆ, ಅದು ಒಮ್ಮೊಮ್ಮೆ ಯಾರೂ ಸುಳಿಯದೆಯೂ ಹತ್ತಿಕೊಳ್ಳುತ್ತದೆ. ಆಗ ನಮ್ಮ ಬಾಗಿಲಿನ ಕೆಳಗಿನ ಸಂದಿಯಲ್ಲಿ ಒಂದು ಹಳದಿ ಗೆರೆ ಮೂಡಿ, ಅರ್ಧ ನಿಮಿಷ ನಿಂತು, ಆರಿಹೋಗುತ್ತದೆ. ಅವ್ವ ಆ ಗೆರೆಯನ್ನೇ ನೋಡುತ್ತಾ ಕೂರುತ್ತಾಳೆ. ಮ್ಯಾನೇಜ್‌ಮೆಂಟಿನವರಿಗೆ ಮೂರು ಸಲ ಇಮೇಲ್ ಮಾಡಿದ್ದೇನೆ. ಸೆನ್ಸರ್ ಸರಿಯಾಗಿಯೇ ಇದೆಯಂತೆ.

ಆ ಶನಿವಾರ ನಾವು ಮಾಡಲಿದ್ದದ್ದು ಬಲ್ಗೇರಿಯಾದವರ ಬಿಳಿ ಬೀನ್ಸಿನ ಸಲಾಡ್. ಹುಬ್ಬಳ್ಳಿ-ಧಾರವಾಡದ ಇಬ್ಬರು ಹೆಂಗಸರಿಗೆ ಬಲ್ಗೇರಿಯಾ ಎಲ್ಲಿಂದ ಗಂಟುಬಿತ್ತು ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ: ಎದುರು ಬಾಗಿಲಿನಿಂದ. ಆ ಮನೆಯಲ್ಲಿ ರಾದ್ಕಾ ಇದ್ದಾಳೆ. ಎಪ್ಪತ್ತರ ಹತ್ತಿರದವಳು, ದೊಡ್ಡ ಮೈ, ಕೈಬೆರಳೆಲ್ಲ ಗಂಟುಗಂಟು. ಬಹಳ ಕಾಲ ಒಂದು ಲಾಂಡ್ರಿಯಲ್ಲಿ ಬಿಸಿನೀರಿನ ಮುಂದೆ ನಿಂತವಳು. ಅವ್ವ ಅವಳನ್ನು ಮೊದಲ ವಾರದಲ್ಲೇ ರಾಧಕ್ಕ ಮಾಡಿಕೊಂಡಳು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬರುವುದಿಲ್ಲ, ಇಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೆ. ಹೀಗಿದ್ದೂ ಮಧ್ಯಾಹ್ನವೆಲ್ಲ ಕೂತು ಮಾತಾಡುತ್ತಾರೆ. ನಾನು ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದು, ಏನು ಮಾತಾಡಿದಿರಿ ಎಂದು ಕೇಳಿದರೆ ಅವ್ವ ಆಕೆಯ ಅತ್ತೆಯ ಕಾಟದ ಕಥೆಯನ್ನು ಇಡಿಯಾಗಿ ಹೇಳುತ್ತಾಳೆ. ನಿಜವೋ ಸುಳ್ಳೋ ಆ ಪರಮಾತ್ಮನೇ ಬಲ್ಲ.

ರಾದ್ಕಾಳ ಗಂಡ ಸ್ತೋಯಾನ್ ಹೋದ ವರ್ಷದ ಅಕ್ಟೋಬರಿನಲ್ಲಿ ತೀರಿಕೊಂಡ. ಮೂರನೆಯ ದಿನ ಆಕೆಯ ಬಾಗಿಲ ಮೇಲೆ ಒಂದು ಕಾಗದ ಬಂತು: ಸುತ್ತ ಕಪ್ಪು ಅಂಚು, ನಡುವೆ ಅವನ ಫೋಟೊ, ಕೆಳಗೆ ನನಗೆ ಓದಲು ಬಾರದ ನಾಲ್ಕು ಸಾಲು. ಅವರ ಊರುಗಳಲ್ಲಿ ಸತ್ತವರ ಕಾಗದವನ್ನು ಬಾಗಿಲಿಗೆ, ಕಂಬಕ್ಕೆ, ಮರಕ್ಕೆ, ಬಸ್ ನಿಲ್ದಾಣಕ್ಕೆ ಅಂಟಿಸುತ್ತಾರಂತೆ. ನಲವತ್ತನೆಯ ದಿನ ಹೊಸದು, ಅರ್ಧ ವರ್ಷಕ್ಕೆ ಹೊಸದು, ವರ್ಷಕ್ಕೆ ಮತ್ತೊಂದು. ಯಾವುದೋ ಮದುವೆಯಲ್ಲಿ ತೆಗೆದ ಫೋಟೊ ಇರಬೇಕು, ಅವನು ನಗುತ್ತಿದ್ದಾನೆ, ಪಕ್ಕದವರ ಭುಜವನ್ನು ಅರ್ಧಕ್ಕೆ ಕತ್ತರಿಸಿದ್ದಾರೆ. ನಮ್ಮ ಬಾಗಿಲು ತೆರೆದರೆ ನೇರ ಅವನ ಮುಖ. ಹತ್ತಾರು ವರ್ಷ ಅರಿವಳಿಕೆ ಕೊಡುತ್ತಾ, ಸತ್ತವರನ್ನು ಸತ್ತರೆಂದು ಬರೆದು ಸಹಿ ಹಾಕುತ್ತಾ ಬಂದ ನಾನು, ಒಬ್ಬ ಸತ್ತವನ ನಗು ಕಂಡು ಕೀಲಿಕೈ ಹುಡುಕುವ ನೆಪದಲ್ಲಿ ತಲೆ ತಗ್ಗಿಸುತ್ತಿದ್ದೆ. ಅವ್ವನಿಗೆ ಅಂಥ ಬಿಗುಮಾನವಿಲ್ಲ. ಬೆಳಗ್ಗೆ ಹಾಲಿನ ಡಬ್ಬಿ ತೆಗೆದುಕೊಳ್ಳಲು ಬಾಗಿಲು ತೆರೆದವಳೇ “ಏನ್ರೀ ಯಜಮಾನ್ರ, ಚಾ ಆತೇನ್ರಿ?” ಎಂದು ಕೇಳುತ್ತಿದ್ದಳು.

ಕೇಳಿ, ಉತ್ತರಕ್ಕೆ ಬಿಡುವು ಕೊಡುವಷ್ಟು ಹೊತ್ತು ನಿಲ್ಲುತ್ತಿದ್ದಳು. ಅದು ನನಗೆ ಹಿಡಿಸುತ್ತಿರಲಿಲ್ಲ.

ನಲವತ್ತನೆಯ ದಿನ ರಾದ್ಕಾ ಒಂದು ಮಣ್ಣಿನ ಬಟ್ಟಲಿನ ತುಂಬ ಈ ಸಲಾಡ್ ತಂದಳು. ಮೈಮೇಲೆ ಕಪ್ಪು ಉಡುಪು. ಆಕೆಯ ಮುರುಕು ಇಂಗ್ಲಿಷನ್ನು ನನ್ನ ಕನ್ನಡದಲ್ಲೇ ಕೊಡುತ್ತೇನೆ, ಮುರಿದದ್ದನ್ನು ಎರಡು ಸಲ ಮುರಿಯುವುದು ಬೇಡ. “ಸ್ತೋಯಾನನಿಗೆ” ಎಂದಳು. ನಾನು ಈ ದೇಶದಲ್ಲಿ ಕಲಿತ ವಿದ್ಯೆಯನ್ನೆಲ್ಲ ಒಟ್ಟುಗೂಡಿಸಿ ಥ್ಯಾಂಕ್ಯೂ, ಸೋ ಕೈಂಡ್, ಥ್ಯಾಂಕ್ಯೂ ಎಂದೆ. ಆಕೆ ಬಟ್ಟಲು ಬಿಡದೆ ನಿಂತಿದ್ದಳು. ನಾನೊಂದು ಅಂಚು ಹಿಡಿದಿದ್ದೆ, ಆಕೆಯೊಂದು ಅಂಚು. ಸತ್ತವರ ಹೆಸರಿನಲ್ಲಿ ಕೊಟ್ಟದ್ದಕ್ಕೆ ಥ್ಯಾಂಕ್ಸ್ ಹೇಳುವುದಿಲ್ಲವೆಂದೂ, ‘ಬೋಗ್ ದಾ ಪ್ರೊಸ್ತಿ’ ಅಂದರೆ ದೇವರು ಅವನನ್ನು ಕ್ಷಮಿಸಲಿ ಎನ್ನಬೇಕೆಂದೂ ನನಗೆ ತಿಳಿದದ್ದು ತಿಂಗಳುಗಳ ಮೇಲೆ. ಕೊನೆಗೆ ತಾನೇ ಆ ಮಾತನ್ನು ನನ್ನ ಪರವಾಗಿ ಮೆಲ್ಲಗೆ ಅಂದುಕೊಂಡು ಬಟ್ಟಲು ಬಿಟ್ಟಳು.

ಸಲಾಡ್ ರುಚಿಯಾಗಿತ್ತು. ಅವ್ವ ಒಂದು ಚಮಚ ಬಾಯಿಗಿಟ್ಟು “ತಣ್ಣನ ಉಸಳಿ” ಎಂದು ತೀರ್ಪು ಕೊಟ್ಟು, ಒಗ್ಗರಣೆಯಿಲ್ಲ ಎಂದು ಮರುಗಿ, ಎರಡು ಸಲ ಹಾಕಿಸಿಕೊಂಡು ತಿಂದಳು. ಸಂಜೆ ನಾನು ಬಟ್ಟಲು ತೊಳೆದು ಹೊರಟಾಗ ತಡೆದಳು.

“ಖಾಲಿ ಬಟ್ಟಲಾ ಹೊಳ್ಳಿ ಕೊಡತಾರೇನು? ಏನರೆ ಹಾಕಿ ಕೊಡು.”

ಇದನ್ನು ನಿಮಗೆ ವಿವರಿಸಬೇಕಾಗಿಲ್ಲ. ನೆರೆಮನೆಯ ಪಾತ್ರೆ ಬರಿದಾಗಿ ಹಿಂದಿರುಗಬಾರದು, ಒಂದು ಚಿಟಿಕೆ ಸಕ್ಕರೆಯಾದರೂ ಅದರ ತಳದಲ್ಲಿರಬೇಕು. ನಮ್ಮ ಓಣಿಗಳ ಅರ್ಧ ಸ್ನೇಹ ನಿಂತದ್ದೇ ಈ ಕೊಡುಕೊಳ್ಳುವಿಕೆ ಎಂದೂ ಮುಗಿಯದೆ ಇದ್ದುದರಿಂದ. ಅಂದು ಮನೆಯಲ್ಲಿ ಗೋಧಿ ಹುಗ್ಗಿ ಇತ್ತು. ಕುಟ್ಟಿದ ಗೋಧಿ ಬೇಯಿಸಿ, ಬೆಲ್ಲ, ಕೊಬ್ಬರಿ, ಗಸಗಸೆ ಹಾಕಿದ್ದು. ಅದನ್ನೇ ಬಟ್ಟಲ ತುಂಬ ಹಾಕಿ ಕೊಟ್ಟಳು. ನಾನು ಒಯ್ದೆ.

ರಾದ್ಕಾ ಬಾಗಿಲು ತೆರೆದು ಬಟ್ಟಲು ನೋಡಿದಳು. ಮೊದಲು ಅದು ಹಿಂದಿರುಗಿ ಬಂದದ್ದನ್ನು ನೋಡಿದಳು, ಏಕೆಂದರೆ ಅವರ ಹಳ್ಳಿಯಲ್ಲಿ ಸತ್ತವನ ಹೆಸರಿನಲ್ಲಿ ಕೊಟ್ಟ ಬಟ್ಟಲನ್ನು ಯಾರೂ ತಿರುಗಿ ಕೊಡುವುದಿಲ್ಲ, ಅದು ಅನ್ನದ ಜೊತೆಗೇ ಹೋದದ್ದು. ಆಮೇಲೆ ಅದರೊಳಗೆ ಇದ್ದದ್ದನ್ನು ನೋಡಿದಳು. ಮುಖದ ರಕ್ತವೆಲ್ಲ ಇಳಿದು ಹೋಯಿತು. ಆ ಬಣ್ಣ ನನಗೆ ಪರಿಚಯ. ಮೇಜಿನ ಮೇಲೆ ಮಲಗಿದವರ ರಕ್ತದೊತ್ತಡ ಕುಸಿದಾಗ ಬರುವ ಬಣ್ಣ. ನಾನು ಕೈಚಾಚಿ ಆಕೆಯ ತೋಳು ಹಿಡಿದುಕೊಂಡೆ.

“ನಿಮ್ಮನೇಲಿ ಯಾರು ಹೋದರು?” ಎಂದಳು.

“ಯಾರೂ ಇಲ್ಲ. ಇದು ಸಿಹಿ. ಅವ್ವ ಮಾಡಿದ್ದು.”

“ಇದು ಗೋಧಿ. ಬೇಯಿಸಿದ ಗೋಧಿ, ಸಿಹಿ ಹಾಕಿದ್ದು. ಇದನ್ನ ಸತ್ತವರಿಗೆ ಮಾಡೋದು. ಯಾರಿಗೆ ಮಾಡಿದ್ದು ಹೇಳು. ಹೆಸರು ಹೇಳದೆ ನಾನು ತಿನ್ನೋಕಾಗಲ್ಲ.”

ನಾನು ಮತ್ತೆ ಹೇಳಿದೆ: ಯಾರಿಗೂ ಅಲ್ಲ. ಹೇಳಿ ಬಂದೆ. ಗೆಳೆಯರೇ, ಅದು ಸುಳ್ಳು. ಕಾರ್ತಿಕ ಮಾಸದ ಒಂದು ದಿನ ಅವ್ವ ಪ್ರತಿ ವರ್ಷವೂ ಹುಗ್ಗಿ ಮಾಡುತ್ತಾಳೆ. ಯಾಕೆಂದು ನಾನು ಕೇಳುವುದಿಲ್ಲ, ಅವಳು ಹೇಳುವುದಿಲ್ಲ. ಅದು ನನ್ನ ತಮ್ಮ ವಸಂತ ಹುಟ್ಟಿದ ತಿಥಿ.

ವಸಂತ ಔಷಧ ಕಂಪನಿಯೊಂದರ ಪ್ರತಿನಿಧಿಯಾಗಿದ್ದ. ಹತ್ತೊಂಬತ್ತು ವರ್ಷದ ಹಿಂದೆ ಒಂದು ಬೆಳಗ್ಗೆ ಬ್ಯಾಗು ಹಿಡಿದು ಬೆಳಗಾವಿಗೆಂದು ಹೊರಟ, ಸಂಜೆ ಬರಬೇಕಾಗಿತ್ತು. ಸ್ಕೂಟರು ಬಸ್ ನಿಲ್ದಾಣದ ಸ್ಟ್ಯಾಂಡಿನಲ್ಲಿ ಬೀಗ ಹಾಕಿದ್ದು ಸಿಕ್ಕಿತು. ಅಷ್ಟೆ. ಅಪಘಾತವಿಲ್ಲ, ಪತ್ರವಿಲ್ಲ, ಜಗಳವಿಲ್ಲ, ಹೆಣ್ಣಿಲ್ಲ, ಹೆಣವಿಲ್ಲ. ಇಪ್ಪತ್ತೊಂಬತ್ತರ ಹರೆಯದವನನ್ನು ನೆಲ ನುಂಗಿತೋ ಗಾಳಿ ಒಯ್ದಿತೋ, ಇವತ್ತಿಗೂ ತಿಳಿಯದು. ಅಪ್ಪ ಗುರುತಿಲ್ಲದ ಹೆಣಗಳನ್ನು ನೋಡಲು ಊರೂರು ಅಲೆದು, ಪ್ರತಿಸಲ ‘ಅಂವಲ್ಲ’ ಎಂದು ಹೇಳಿ ಹೇಳಿ, ಒಂದು ದಿನ ಆ ಮಾತೂ ಆಡದಂತಾದರು. ಅವರು ಹೋದ ಮೇಲೆ ಅವ್ವನನ್ನು ಇಲ್ಲಿಗೆ ಕರೆತಂದೆ. ಹೊರಡುವ ದಿನ ಅವ್ವ ಬಾಡಿಗೆ ಮನೆಯ ಬಾಗಿಲಿಗೆ ಒಂದು ಕಾಗದ ಅಂಟಿಸಿದಳು. ಲಂಡನ್ನಿನ ವಿಳಾಸ, ಫೋನ್ ನಂಬರು, ಮೇಲೆ ದುಂಡಗಿನ ಅಕ್ಷರದಲ್ಲಿ ‘ವಸಂತಾ, ಇಲ್ಲೆ ಅದೇವಿ’ ಎಂದು. ರಾದ್ಕಾಳ ಬಾಗಿಲ ಮೇಲಿನ ಕಾಗದದ ಮುಂದೆ ತಲೆ ತಗ್ಗಿಸುತ್ತಿದ್ದೆನಲ್ಲ, ಅದಕ್ಕೆ ಸ್ತೋಯಾನನ ನಗುವೊಂದೇ ಕಾರಣವಾಗಿರಲಿಲ್ಲ.

ನಮ್ಮ ಕಡೆ ಹಿರಿಯರ ಹಬ್ಬಕ್ಕೆ ತೀರಿಹೋದವರ ಹೆಸರಿನಲ್ಲಿ ಎಡೆ ಇಡುತ್ತಾರೆ. ಅವ್ವ ಇಲ್ಲಿಯೂ ಬಿಟ್ಟಿಲ್ಲ; ಸೌತ್‌ಹಾಲಿನಿಂದ ತಂದ ಬಾಳೆಲೆಯ ಮೇಲೆ ಅಪ್ಪನಿಗೊಂದು, ಅಜ್ಜನಿಗೊಂದು, ಅಜ್ಜಿಗೊಂದು. ಪ್ರತಿವರ್ಷ ಒಂದು ಎಲೆ ಮಿಕ್ಕು ಕಟ್ಟೆಯ ಮೇಲೆ ಮಡಚಿದಂತೆಯೇ ಉಳಿಯುತ್ತದೆ, ಮರುದಿನ ಅದನ್ನು ನಾನೇ ಕಸಕ್ಕೆ ಹಾಕುತ್ತೇನೆ. ಬದುಕಿರುವವನಿಗೆ ಎಡೆ ಇಟ್ಟರೆ ಆಯುಷ್ಯ ಕಡಿದಂತೆ. ಸತ್ತವನಿಗೆ ಇಡದಿದ್ದರೆ ಅವನನ್ನು ಹಸಿವಿನಲ್ಲಿ ಅಲೆಯಬಿಟ್ಟಂತೆ. ಹನ್ನೆರಡು ವರ್ಷ ಕಾದು ಆಮೇಲೆ ಕರ್ಮ ಮಾಡಬಹುದೆಂದು ಊರಿನ ಹಿರಿಯರು ಫೋನಿನಲ್ಲಿ ಹೇಳಿದಾಗ ಫೋನ್ ಹಿಡಿದಿದ್ದವಳು ನಾನು. ಅವ್ವ ಒಪ್ಪುವುದಿಲ್ಲ ಎಂದೆ. ಅವ್ವನನ್ನು ಕೇಳಲಿಲ್ಲ. ಕೇಳಿದರೆ ಆ ಮುದಿಜೀವ ತಾಳುವುದಿಲ್ಲ, ಅವಳ ಆಸೆಯ ಎಳೆ ಹರಿಯಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ನಂಬಿಸಿಕೊಳ್ಳುವುದರಲ್ಲಿ ವೈದ್ಯರನ್ನು ಮೀರಿಸಿದವರಿಲ್ಲ.

ಹುಗ್ಗಿಯ ಬಟ್ಟಲನ್ನು ರಾದ್ಕಾ ಒಳಗೆ ಒಯ್ಯಲಿಲ್ಲ, ಹಿಂದಿರುಗಿಸಲೂ ಇಲ್ಲ. ಮೆಟ್ಟಿಲ ಬಾಯಲ್ಲಿ ಟಪಾಲು ಇಡುವ ಒಂದು ಚಿಕ್ಕ ಹಲಗೆಯಿದೆ, ಸ್ತೋಯಾನನ ಕಾಗದವಿದ್ದ ಬಾಗಿಲಿನ ಪಕ್ಕಕ್ಕೇ, ಅಲ್ಲಿಟ್ಟಳು. ಒಂದು ದಿನ ಇತ್ತು, ಎರಡು ದಿನ ಇತ್ತು. ಹೋಗುತ್ತಾ ಬರುತ್ತಾ ನೋಡುತ್ತಿದ್ದೆ, ಮೇಲೊಂದು ತೆಳು ಪೊರೆ ಕಟ್ಟಿ, ಅಂಚಿನಲ್ಲಿ ಬಿರಿಯುತ್ತಾ ಬಂದಿತ್ತು. ಆ ಮೂರು ದಿನ ದೀಪ ಎಂದಿಗಿಂತ ಹೆಚ್ಚು ಸಲ ಹತ್ತಿಕೊಂಡಿತು, ಅಥವಾ ನಾನು ಎಂದಿಗಿಂತ ಹೆಚ್ಚು ಸಲ ನೋಡಿದೆ. ಮೂರನೆಯ ದಿನ ಡ್ಯೂಟಿ ಮುಗಿಸಿ ಮೆಟ್ಟಿಲು ಹತ್ತಿ ಬಂದರೆ ಬಟ್ಟಲು ಖಾಲಿ. ಬರೀ ಖಾಲಿಯಲ್ಲ, ಬೆರಳಿನಿಂದ ಬಳಿದು ತಿಂದ ಗುರುತು ತಳದಲ್ಲಿ ಸುತ್ತು ಸುತ್ತಾಗಿ ಕಾಣುತ್ತಿತ್ತು. ನರಿ ಎರಡು ಮಹಡಿ ಹತ್ತಿ ಬರುವುದಿಲ್ಲ, ಬಂದರೂ ನರಿಗೆ ಬೆರಳಿಲ್ಲ. ಅವ್ವನನ್ನು ಕೇಳಿದೆ. “ಯಾರೋ ಹಸದಾಂವ ತಿಂದಿರಬೇಕು” ಎಂದು ಕಡ್ಡಿ ಮುರಿದಂತೆ ಹೇಳಿದಳು. ನಾನೂ ಹೆಚ್ಚು ಕೆದಕಲಿಲ್ಲ, ಉತ್ತರ ಬೇಕಿರಲಿಲ್ಲವಾದ್ದರಿಂದ.

ಈಗ ಶನಿವಾರಕ್ಕೆ ಬರೋಣ, ಕಾಳು ಕಾಯುತ್ತಿದೆ. ನವೆಂಬರಿನಲ್ಲಿ ಅವರಿಗೆ ಸತ್ತವರ ಶನಿವಾರವೊಂದು ಬರುತ್ತದೆ. ರಾದ್ಕಾ ಹದಿನೈದು ದಿನದ ಹಿಂದೆ ಒದ್ದೆ ಎಲೆಯ ಮೇಲೆ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಿದ್ದಾಳೆ. ಹಾಗಾಗಿ ಅಡುಗೆ ನಮ್ಮ ಮನೆಯಲ್ಲಿ, ನಮ್ಮ ಕೈಯಲ್ಲಿ, ಆಕೆಯ ಅಪ್ಪಣೆಯಂತೆ. ನಮ್ಮ ಬೀದಿಯ ಗುಜರಾತಿ ಅಂಗಡಿಯಿಂದ ಅವರೆಕಾಳು ತಂದುಕೊಡಲೇ ಎಂದು ಕೇಳಿದ್ದಕ್ಕೆ, ಗೋಮಾಂಸದ ಮಾತೆತ್ತಿದರೆ ಅವ್ವ ನೋಡುವಂತೆ ನೋಡಿ, ತನ್ನದೇ ದೇಶದ ಬಿಳಿ ಬೀನ್ಸಿನ ಚೀಲ ತಂದಳು. ಶುಕ್ರವಾರ ಸಂಜೆ ಅವ್ವ ಅದನ್ನು ಹಿಡಿಯಿಂದ ಅಳೆದು ಹಾಕಿದಳು. ಒಂದು ಹೆಸರಿಗೆ ಒಂದು ಹಿಡಿ. ತನ್ನವರ ಆರು ಹೆಸರು ಎಂದಿದ್ದಳು ರಾದ್ಕಾ. ಅವ್ವ ಏಳು ಹಿಡಿ ಹಾಕಿದಳು. ಲೆಕ್ಕ ತಪ್ಪಿದಿ ಎಂದು ನಾನು ಛೇಡಿಸಿದೆ. ಅವಳು ಕೇಳಿಸದವಳಂತೆ ನೀರು ಬಿಟ್ಟಳು.

ಮಾಡುವ ಕ್ರಮ ಸರಳ, ನಿಷೇಧಗಳು ಮಾತ್ರ ಮಡಿಯವರನ್ನೂ ಮೀರಿಸುತ್ತವೆ. ಮೊದಲ ಕುದಿಯ ನೀರನ್ನು ಚೆಲ್ಲಿಬಿಡಬೇಕು. ಇದಕ್ಕೆ ಅವ್ವನ ಹೊಟ್ಟೆ ಉರಿದುಹೋಯಿತು: “ಕಟ್ಟು ಚೆಲ್ಲಸತಾಳಲ್ಲ ಈಕಿ. ಛಲೋ ಸಾರ ಆಗತಿತ್ತು.” ಎರಡನೆಯ ನೀರಿನಲ್ಲಿ ಒಂದು ಇಡೀ ಈರುಳ್ಳಿ. ಬೇಯುವ ತನಕ ಉಪ್ಪು ಹಾಕಬಾರದು, ಸಿಪ್ಪೆ ಗಡುಸಾಗುತ್ತದೆ. ಚಮಚ ಹಾಕಿ ತಿರುವಬಾರದು, ಪಾತ್ರೆಯ ಕಿವಿ ಹಿಡಿದು ಕುಲುಕಬೇಕು. ಕಾಳು ಬೆಣ್ಣೆಯಾಗಬೇಕು, ಆದರೆ ಒಡೆಯಬಾರದು. ಹಿಚುಕಿದರೆ ಸೋಲಬೇಕು, ಹಿಚುಕುವ ತನಕ ಇಡಿಯಾಗಿ ನಿಂತಿರಬೇಕು. ಕೆಂಪು ದೊಣ್ಣೆ ಮೆಣಸಿನಕಾಯಿಯನ್ನು ಉರಿಯಲ್ಲಿ ಕರಕಲಾಗುವಂತೆ ಸುಟ್ಟು, ಮುಚ್ಚಿಟ್ಟು, ಕಪ್ಪು ಸಿಪ್ಪೆ ಸುಲಿಯಬೇಕು. ಅದು ಅವ್ವನ ಪಾಲಿಗೆ ಬಂತು, ಬದನೆಕಾಯಿ ಸುಟ್ಟು ಪಳಗಿದ ಕೈ. ಕಿಟಕಿಯ ಗಾಜಿಗೆ ಆವಿ ಹತ್ತಿ ಹೊರಗಿನ ಹಿತ್ತಲುಗಳು, ಟ್ಯೂಬ್ ರೈಲಿನ ಹಳಿಗಳು ಎಲ್ಲ ಅಳಿಸಿಹೋದವು. ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ಮೇಲೆ ಇಲ್ಲಿ ಮೂರೂವರೆಗೇ ಬೆಳಕು ಕಳೆಗುಂದುತ್ತದೆ. ಹಗಲಿನ ಮಧ್ಯದಲ್ಲೇ ಮುಸ್ಸಂಜೆ ಬಂದು ಕುರ್ಚಿ ಎಳೆದುಕೊಂಡು ಕೂರುತ್ತದೆ. ನಾನು ದೀಪ ಹಾಕಲು ಹೋದರೆ ರಾದ್ಕಾ ಬೇಡ ಎಂದಳು.

ಕಾಳು ಬಸಿದು, ಬಿಸಿಯಿರುವಾಗಲೇ ವಿನೆಗರ್ ಹನಿಸಿ, ಸೂರ್ಯಕಾಂತಿ ಎಣ್ಣೆ ಬಿಟ್ಟು, ಉಪ್ಪಿನಲ್ಲಿ ತಿಕ್ಕಿದ ಈರುಳ್ಳಿ, ಪಾರ್ಸ್ಲಿ ಸೊಪ್ಪು, ಖಾರವಿಲ್ಲದ ಕೆಂಪು ಮೆಣಸಿನ ಪುಡಿ ಸೇರಿಸಿದೆ. ಆಗ ರಾದ್ಕಾ ತನ್ನ ಚೀಲದಿಂದ ಒಂದು ಚಿಕ್ಕ ನೋಟ್‌ಬುಕ್ ತೆಗೆದಳು. ಚರ್ಚಿಗೆ ಕಳಿಸಲು ಹೆಸರುಗಳ ಚೀಟಿ ಬೇಕು, ಬಲಗೈ ಪ್ಲಾಸ್ಟರಿನಲ್ಲಿದೆ, ನೀನು ಬರೆದುಕೊಡು, ನಾನು ಓದುತ್ತೇನೆ ಎಂದಳು. ನಿಮ್ಮ ಅಕ್ಷರ ನನಗೆ ಬರದು ಎಂದೆ. ನಿನ್ನ ಅಕ್ಷರದಲ್ಲೇ ಬರಿ, ಓದುವವನಿಗೆ ಎಲ್ಲ ಬರುತ್ತದೆ ಎಂದಳು. ಕಾಗದದ ನಡುವೆ ಒಂದು ಗೆರೆ ಎಳೆಯಲು ಹೇಳಿದಳು. ಎಡಗಡೆ ಇರುವವರು, ಅವರ ಆರೋಗ್ಯಕ್ಕಾಗಿ. ಬಲಗಡೆ ಹೋದವರು, ಅವರ ಶಾಂತಿಗಾಗಿ.

ಎಡಗಡೆಗೆ ಆಕೆಯ ಮಗಳು, ಮೊಮ್ಮಕ್ಕಳು. ಆಮೇಲೆ “ಗಂಗವ್ವ” ಎಂದಳು, ಅದು ನನ್ನ ಅವ್ವ. “ಸುಮಿತ್ರಾ” ಎಂದಳು. ನನ್ನ ಹೆಸರನ್ನು ನಾನೇ ಇರುವವರ ಸಾಲಿನಲ್ಲಿ ಬರೆಯುವಾಗ ನಗು ಬಂತು. ಬಲಗಡೆಗೆ ಸ್ತೋಯಾನ್. ಗೆಯೋರ್ಗಿ, ಮರಿಯಾ, ಆಕೆಯ ತಂದೆತಾಯಿ. ಪೆತ್ಕೋ. ತ್ಸ್ವೆತಾ. ಇವಾನ್. ಆರಾಯಿತು. ನಾನು ಪೆನ್ನಿನ ಮುಚ್ಚಳ ಹಾಕಹೊರಟೆ.

“ವಸಂತ” ಎಂದಳು ರಾದ್ಕಾ.

ಆಕೆ ಅದನ್ನು ನೋಟ್‌ಬುಕ್ಕಿನಿಂದ ಓದಿದಳು. ಬೇರೆಯ ಹೆಸರುಗಳನ್ನು ಓದಿದ ದನಿಯಲ್ಲೇ, ಅವುಗಳ ಹಿಂದೆಯೇ. ನಾನು ತಲೆ ಎತ್ತಿ ನೋಡಿದರೆ ಅವಳ ಬೆರಳು ಬಲಗಡೆಯ ಸಾಲಿನ ಕೊನೆಯಲ್ಲಿತ್ತು. ಅಡುಗೆಮನೆಯಲ್ಲಿ ನಾಲ್ಕನೆಯವನೊಬ್ಬ ಬಂದು, ಎಲ್ಲಿ ಕೂರಲಿ ಎಂದು ಕೇಳುತ್ತಾ ನಿಂತಂತೆ ಇತ್ತು. ನನಗೆ ಹೆದರಿಕೆಯಾಯಿತು ಎಂದು ನೇರವಾಗಿಯೇ ಹೇಳುತ್ತೇನೆ. ಸಾವಿರ ಸಲ ಬರೆದ ಕೈ ಅದು, ಹೆಸರು, ವೇಳೆ, ಕಾರಣ, ಸಹಿ. ಈ ಒಂದು ಹೆಸರನ್ನು ಆ ಗೆರೆಯ ಬಲಕ್ಕೆ ಬರೆದರೆ, ಎಲ್ಲಿಯೋ ಯಾವುದೋ ಊರಿನಲ್ಲಿ ಬಸ್ಸಿನಿಂದ ಇಳಿಯುತ್ತಿರುವ ನನ್ನ ತಮ್ಮನನ್ನು ನಾನೇ ಕೊಂದಂತಾಗುತ್ತದೆ ಎಂದು ಆ ಕ್ಷಣ ಪೂರ್ಣವಾಗಿ ನಂಬಿದೆ.

ಅವ್ವ ನಮಗೆ ಬೆನ್ನು ಮಾಡಿ ಮೆಣಸಿನಕಾಯಿಯ ಸಿಪ್ಪೆ ಸುಲಿಯುತ್ತಿದ್ದಳು. ತಿರುಗಲಿಲ್ಲ.

“ಬರಿ, ಸುಮಿ” ಎಂದಳು.

ನಾನು ಬರೆಯಲಿಲ್ಲ.

“ನಾನ ಹೇಳೇನಿ ಅಕಿಗೆ. ಹ್ವಾದ ವರ್ಷ ಆ ಹುಗ್ಗಿ ಅಲ್ಲೆ ಹಲಗಿ ಮ್ಯಾಲೆ ಇತ್ತಲ್ಲ. ಹೆಸರಿಲ್ಲದ ತಿನ್ನೂದಿಲ್ಲಂತ ಅಕಿ. ಅನ್ನ ಅಲ್ಲೇನು ಅದು? ಎಷ್ಟ ದಿವಸ ಹಂಗ ಇಡೂದು? ನೀ ದವಾಖಾನಿಗೆ ಹೋದಾಗ ವಸಂತನ ಫೋಟೊ ಒಯ್ದು, ಅಕಿ ಗಂಡನ ಫೋಟೊದ ಬಾಜೂಕ ಹಿಡದೆ. ಹೆಸರು ಹೇಳಿದೆ. ಇಬ್ರೂ ಅಲ್ಲೆ ನಿಂತು ತಿಂದ್ವಿ.”

ಬಟ್ಟಲಿನ ತಳದ ಬೆರಳಿನ ಗುರುತುಗಳು ಯಾರವೆಂದು ನನಗೆ ಆಗ ತಿಳಿಯಿತು. ರಾದ್ಕಾ ತಲೆಯನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಿದಳು, ಅವರಲ್ಲಿ ಹಾಗೆ ಮಾಡಿದರೆ ಹೌದು ಎಂದು.

“ಮತ್ತ ನನಗ್ಯಾಕ ಹೇಳಲಿಲ್ಲ ಯವ್ವಾ?”

“ನಿನಗ ಹೆಂಗ ಹೇಳಲಿ?” ಎಂದು ಅವ್ವ ಈಗ ತಿರುಗಿದಳು. ಕೈಯೆಲ್ಲ ಮಸಿ. “ಹೊಸಾ ನಂಬರಿಂದ ಫೋನ್ ಬಂದ್ರ ನಿನ್ನ ಮಾರಿ ಹೆಂಗಾಗತೈತಿ, ನಾ ನೋಡೂದಿಲ್ಲೇನು? ಹತ್ತೊಂಬತ್ತು ವರ್ಷ ನೀ ದಾರಿ ನೋಡಲಿಕ್ಕತ್ತಿ. ನಿನ್ನ ಮುಂದ ಅಂದ್ರ ನೀ ತಾಳೂದಿಲ್ಲ ಅಂತ ನಾ ಸುಮ್ಮನ ಬಾಗಲಾ ನೋಡಕೊಂತ ಕುಂತೆ.”

ಒಬ್ಬರಿಗಾಗಿ ಇನ್ನೊಬ್ಬರು ಕಾಯುತ್ತಾ ಇಬ್ಬರು ಹೆಂಗಸರು ಒಂದೇ ಮನೆಯಲ್ಲಿ ಇಷ್ಟು ವರ್ಷ ಕಳೆದಿದ್ದೆವು. ಅವಳ ಆಸೆಯನ್ನು ನಾನು ಕಾಪಾಡುತ್ತಿದ್ದೇನೆಂದು ನಾನು ಬೀಗುತ್ತಿದ್ದೆ. ಅದು ನನ್ನ ಆಸೆ, ಅವಳು ಅದನ್ನು ಕಾಯುತ್ತಾ ಕೂತಿದ್ದಳು. ಅವಳು ಯಾವತ್ತೋ ಅತ್ತು ಮುಗಿಸಿದ್ದಳು, ಎಲ್ಲಿ, ಯಾವ ಮಧ್ಯಾಹ್ನ, ಎದುರು ಮನೆಯ ಯಾವ ಕುರ್ಚಿಯಲ್ಲಿ ಎಂಬುದು ನನಗೆ ತಿಳಿಯದು. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಅವಳು ಆ ಕಾಯುವಿಕೆ ಬಿಟ್ಟು ನನಗಿಂತ ಮುಂಚೆ ಹೊರಟುಹೋಗಿದ್ದಳೆಂದು ಕೋಪ ಬಂತು.

“ಅಂವ ಬಂದ್ರ?” ಎಂದೆ. ಐವತ್ತೆಂಟು ವರ್ಷದ ತಜ್ಞವೈದ್ಯೆ, ಚಿಕ್ಕ ಹುಡುಗಿಯ ಹಾಗೆ ಕೇಳಿದೆ.

“ಬಂದ್ರ ಬರಲೇಳು. ಬಂದು ಬೈತಾನ. ಜೀವಂತ ಇದ್ದಾಂವಗ ಎಡಿ ಇಟ್ರೇನು ಅಂತ ಬೈತಾನ. ಬೈಸಿಕೊಳ್ಳೂಣ. ಅಲ್ಲೀತನಕಾ ಅಂವ ಹಸದಿರಬಾರದು.”

ಬರೆದೆ. ಅಕ್ಷರ ಸೊಟ್ಟಗಾಯಿತು. ರಾದ್ಕಾ ಏಳು ಕಾಗದದ ಲೋಟಗಳನ್ನು ಸಾಲಾಗಿ ಇಟ್ಟಳು, ಏಳರಲ್ಲೂ ಸಲಾಡ್ ತುಂಬಿದೆವು, ಅವ್ವ ಪ್ರತಿಯೊಂದರ ಮೇಲೂ ಒಂದೊಂದು ಎಳೆ ಕೆಂಪು ಮೆಣಸಿನಕಾಯಿ ಇಟ್ಟಳು. ಕಾಳು ಸರಿಯಾಗಿ ಏಳಕ್ಕೇ ಆಯಿತು. ನಾನು ತಟ್ಟೆ ಹಿಡಿದು ಬಾಗಿಲು ಬಾಗಿಲಿಗೆ ಹೋದೆ. ಎಲ್ಲರೂ ಥ್ಯಾಂಕ್ಯೂ ಎಂದರು. ನಾನು ಯಾರನ್ನೂ ತಿದ್ದಲಿಲ್ಲ, ರಾದ್ಕಾ ಅಂದು ನನಗಾಗಿ ಮಾಡಿದಂತೆ ಅವರ ಪರವಾಗಿ ಆ ಮಾತನ್ನು ಒಳಗೇ ಹೇಳಿಕೊಂಡೆ. ಆರು ಬಾಗಿಲು ಮುಗಿದವು. ಏಳನೆಯ ಮನೆಯವರು ಊರಿನಲ್ಲಿರಲಿಲ್ಲ.

ವಸಂತನ ಲೋಟ ಉಳಿಯಿತು. ಅದನ್ನು ಹಿಡಿದು ಕೆಳಗಿಳಿದು ಮುಖ್ಯ ಬಾಗಿಲು ತೆರೆದೆ. ನಾಲ್ಕೂವರೆ ಇರಬಹುದು, ಪೂರ್ತಿ ಕತ್ತಲೂ ಅಲ್ಲ, ಬೆಳಕಂತೂ ಅಲ್ಲ. ಹೊರಗಿನ ಮೆಟ್ಟಿಲ ಮೇಲೆ ಪಾರ್ಸೆಲ್ ಹಂಚುವವನೊಬ್ಬ ಕೂತು ದಣಿವಾರಿಸಿಕೊಳ್ಳುತ್ತಿದ್ದ. ಜಾಕೆಟಿನ ಟೋಪಿ ತಲೆಯ ಮೇಲಿಂದ ಮುಂದಕ್ಕೆ ಇಳಿಬಿದ್ದಿತ್ತು. ಮಂಡಿಯ ಮೇಲಿದ್ದ ಕೈ ಮಾತ್ರ ಕಾಣುತ್ತಿತ್ತು. ನಮ್ಮ ಬಣ್ಣದ ಕೈ, ಹರೆಯ ದಾಟಿದ ಗಂಡಸಿನದು. ತಿನ್ನುತ್ತೀರಾ ಎಂದೆ, ಲೋಟ ಚಾಚಿದೆ. ಏನು ವಿಶೇಷ ಎಂದು ಇಂಗ್ಲಿಷಿನಲ್ಲಿ ಕೇಳಿದ.

“ನನ್ನ ತಮ್ಮನ ಹೆಸರಿನಲ್ಲಿ ಕೊಡುತ್ತಿದ್ದೇನೆ. ತೀರಿಕೊಂಡಿದ್ದಾನೆ.”

“ಏನು ಹೆಸರು?”

“ವಸಂತ.”

ಅವನು ಲೋಟ ತೆಗೆದುಕೊಂಡ. ತಲೆ ಬಗ್ಗಿಸಿ ತಿನ್ನತೊಡಗಿದ, ಬೆಳಗ್ಗೆಯಿಂದ ತಿಂದಿರದವನ ಹಾಗೆ ಬೇಗ ಬೇಗ. ಚಮಚ ಲೋಟದ ತಳ ಕೆರೆಯುವುದು ಕೇಳಿಸುತ್ತಿತ್ತು. ನಾನು ಪಕ್ಕದಲ್ಲೇ ನಿಂತಿದ್ದೆ, ಒಂದು ಹೆಜ್ಜೆ ಮುಂದೆ ಬಂದು ಬಗ್ಗಿದ್ದರೆ ಟೋಪಿಯ ಒಳಗಿನ ಮುಖ ಕಾಣುತ್ತಿತ್ತು. ನಾನು ನೋಡಲಿಲ್ಲ. ನೋಡಿದ್ದರೆ ಅವನು ಬೇರೆ ಯಾರೋ ಆಗಿಬಿಡುತ್ತಿದ್ದ. ಬೀದಿಯ ಕಡೆ ಮುಖ ಮಾಡಿ, ಅವನು ತಿಂದು ಮುಗಿಸುವ ತನಕ ನಿಂತು, ಖಾಲಿ ಲೋಟವನ್ನು ಅವನ ಕೈಯಲ್ಲೇ ಬಿಟ್ಟು ಮೇಲಕ್ಕೆ ಬಂದೆ.

ಅವ್ವ ಅಡುಗೆಮನೆಯಲ್ಲಿ ಮಸಿಯ ಕೈ ತೊಳೆಯುತ್ತಿದ್ದಳು.

“ತಿಂದನೇನು?” ಎಂದಳು.

“ತಿಂದ.”

“ಪೂರಾ?”

“ಪೂರಾ ತಿಂದ, ಯವ್ವಾ.”